ಐವತ್ತು ಮತ, ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು: ಎನ್‌ಎಫ್‌ಎಲ್‌ ಎಂವಿಪಿ ವಿವಾದದ ಹಿನ್ನೆಲೆ

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ 2025ರ ಫೆಬ್ರುವರಿ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ತನ್ನ ವಾರ್ಷಿಕ ಪ್ರಶಸ್ತಿಗಳನ್ನು ಪ್ರಕಟಿಸಿದಾಗ, 2024ರ ಋತುವಿನ ಅತ್ಯಮೂಲ್ಯ ಆಟಗಾರನ ಗೌರವ, ಅಂದರೆ ಎಂವಿಪಿ, ಬಫಲೊ ಬಿಲ್ಸ್ ತಂಡದ ಜೋಶ್ ಆ್ಯಲನ್ ಅವರಿಗೆ ಸಂದಿತು. ಅವರು 383 ಅಂಕ ಪಡೆದಿದ್ದರು. ಬಾಲ್ಟಿಮೋರ್ ರೇವನ್ಸ್‌ನ ಲಮಾರ್ ಜಾಕ್ಸನ್ 362 ಅಂಕ ಪಡೆದು ಎರಡನೆಯವರಾದರು. ಮೊದಲ ಸ್ಥಾನದ ಮತಗಳು 27–23ರಂತೆ ಹಂಚಿಹೋಗಿದ್ದವು. ಇಷ್ಟೇ ಆಗಿದ್ದರೆ ಅದೊಂದು ಬಿಗಿ ಪೈಪೋಟಿಯಾಗಿ ಮುಗಿಯುತ್ತಿತ್ತು. ಆದರೆ ಅದೇ ಐವತ್ತು ಮಂದಿಯ ಮಂಡಳಿ ಜನವರಿಯಲ್ಲಿ ಋತುವಿನ ಶ್ರೇಷ್ಠ ತಂಡವಾದ ಆಲ್-ಪ್ರೊ ತಂಡವನ್ನು ಆರಿಸಿದಾಗ, ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ, ಅಂದರೆ ತಂಡದ ದಾಳಿಯನ್ನು ಮುನ್ನಡೆಸುತ್ತ ಪಾಸ್ ಎಸೆಯುವ ಆಟಗಾರನ ಸ್ಥಾನಕ್ಕೆ, ಜಾಕ್ಸನ್ ಅವರಿಗೆ 30 ಮತ ಬಿದ್ದಿದ್ದವು, ಆ್ಯಲನ್ ಅವರಿಗೆ 18. ಹೀಗೆ ಒಬ್ಬರು ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡರೆ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ವರ್ಷದ ಅತ್ಯಮೂಲ್ಯ ಆಟಗಾರರಾದರು.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಬೇಕಾದರೆ ಪ್ರಶಸ್ತಿಯ ವ್ಯವಸ್ಥೆಯನ್ನು ನೋಡಬೇಕು. ಎಂವಿಪಿಯನ್ನು ಆರಿಸುವುದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನೇಮಿಸುವ ಪತ್ರಕರ್ತರು ಮತ್ತು ಪ್ರಸಾರಕರ ಮಂಡಳಿ. ಲೀಗ್ ಹಂತ ಮುಗಿದ ಬಳಿಕ, ಪ್ಲೇಆಫ್ ಪಂದ್ಯಗಳು ಆರಂಭವಾಗುವ ಮೊದಲೇ ಮತ ಚಲಾಯಿಸಬೇಕು. ಯಾವ ಮಾನದಂಡದಿಂದ ಅಳೆಯಬೇಕು ಎಂಬುದನ್ನು ಮಾತ್ರ ಯಾರೂ ವಿಧಿಸಿಲ್ಲ. ಐಪಿಎಲ್‌ನಲ್ಲಿ ಇದೇ ಹೆಸರಿನ ಪ್ರಶಸ್ತಿಯನ್ನು ಬೌಂಡರಿ, ಸಿಕ್ಸರ್, ವಿಕೆಟ್, ಕ್ಯಾಚ್‌ಗಳಿಗೆ ನಿಗದಿಯಾದ ಅಂಕಗಳನ್ನು ಕೂಡಿಸಿ ಕೊಡುತ್ತಾರೆ. ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಎನ್‌ಎಫ್‌ಎಲ್‌ನಲ್ಲಿ ಐವತ್ತು ಮಂದಿಗೆ ಐವತ್ತು ಬಗೆಯ ಅಳತೆಗೋಲುಗಳಿರಬಹುದು, ಮತ್ತು ಅವೆಲ್ಲವೂ ಕ್ರಮಬದ್ಧವೇ.

ಈ ಪ್ರಶಸ್ತಿ ಮೊದಲಿನಿಂದಲೂ ಕ್ವಾರ್ಟರ್‌ಬ್ಯಾಕ್‌ಗಳ ಸ್ವತ್ತಾಗಿರಲಿಲ್ಲ. 1938ರಲ್ಲಿ ಲೀಗ್ ತಾನೇ ಜೋ ಎಫ್. ಕಾರ್ ಟ್ರೋಫಿ ಎಂಬ ಹೆಸರಿನಲ್ಲಿ ಇಂಥ ಗೌರವವನ್ನು ಆರಂಭಿಸಿದಾಗ ಅದನ್ನು ಮೊದಲು ಪಡೆದವರು ನ್ಯೂಯಾರ್ಕ್ ಜೈಂಟ್ಸ್‌ನ ಮೆಲ್ ಹೈನ್. ಅವರು ಸೆಂಟರ್ ಆಗಿದ್ದವರು, ಅಂದರೆ ತನ್ನ ಕಾಲುಗಳ ನಡುವೆ ಚೆಂಡನ್ನು ಹಿಂದಕ್ಕೆ ದಾಟಿಸಿ, ಮರುಕ್ಷಣವೇ ಎದುರಾಳಿಯನ್ನು ತಡೆಯಲು ಮುನ್ನುಗ್ಗುವ ಆಟಗಾರ. ಆ ಸ್ಥಾನದವರಿಗೆ ಇಂದು ಒಂದು ಮತ ಬಿದ್ದರೂ ಸುದ್ದಿಯಾದೀತು. ಅಸೋಸಿಯೇಟೆಡ್ ಪ್ರೆಸ್‌ನ ಪಟ್ಟಿ 1957ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಜಿಮ್ ಬ್ರೌನ್ ಅವರಿಂದ ತೊಡಗುತ್ತದೆ. ಅವರು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್. 1971ರಲ್ಲಿ ಅದು ಮಿನೆಸೋಟ ವೈಕಿಂಗ್ಸ್‌ನ ರಕ್ಷಣಾ ಆಟಗಾರ ಆ್ಯಲನ್ ಪೇಜ್ ಅವರಿಗೆ ಸಂದಿತು. ಮುಂದೆ ಅವರು ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಆಟಗಾರರ ಮುಷ್ಕರದಿಂದ ಒಂಬತ್ತೇ ಪಂದ್ಯಗಳಿಗೆ ಇಳಿದ 1982ರ ಋತುವಿನಲ್ಲಿ, ಕಾಲಿನಿಂದ ಚೆಂಡನ್ನು ಒದ್ದು ಅಂಕ ಗಳಿಸಿಕೊಡುವ ಕಿಕ್ಕರ್, ವಾಷಿಂಗ್ಟನ್‌ನ ಮಾರ್ಕ್ ಮೋಸ್ಲಿ, 21 ಫೀಲ್ಡ್ ಗೋಲ್ ಯತ್ನಗಳಲ್ಲಿ 20ನ್ನು ಸಾಧಿಸಿ ಎಂವಿಪಿ ಆದರು. 1986ರ ಲಾರೆನ್ಸ್ ಟೇಲರ್ ನಂತರ ರಕ್ಷಣಾ ವಿಭಾಗದ ಯಾರೂ ಈ ಪಟ್ಟಿಗೆ ಸೇರಿಲ್ಲ.

ಬದಲಾವಣೆಗೆ ಮುಖ್ಯ ಕಾರಣ ಆಟದ ನಿಯಮಗಳು. 1978ರಲ್ಲಿ ಲೀಗ್, ಪಾಸ್ ಹಿಡಿಯಲು ಓಡುವ ಆಟಗಾರನನ್ನು ಮೊದಲ ಐದು ಗಜಗಳಾಚೆ ರಕ್ಷಕರು ತಡೆಯಬಾರದೆಂದು ವಿಧಿಸಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರಿಗೆ ಕೈಗಳನ್ನು ಚಾಚಿ ತಡೆಯುವ ಅವಕಾಶ ಕೊಟ್ಟಿತು. ಆರೇ ವರ್ಷಗಳಲ್ಲಿ, 1984ರಲ್ಲಿ, ಮಯಾಮಿ ಡಾಲ್ಫಿನ್ಸ್‌ನ ಡ್ಯಾನ್ ಮರಿನೊ 5,084 ಗಜಗಳನ್ನೂ 48 ಟಚ್‌ಡೌನ್‌ಗಳನ್ನೂ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಪಡೆಯುವ ಅಂಕ) ಪಾಸ್‌ಗಳಿಂದ ಗಳಿಸಿದರು. 2004ರಿಂದ ರಕ್ಷಕರ ಮೇಲಿನ ನಿರ್ಬಂಧವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಜಾರಿಗೊಳಿಸಿದ ಮೇಲೆ, ತಂಡದ ಭವಿಷ್ಯವೆಲ್ಲ ಪಾಸ್ ಎಸೆಯುವ ಒಂದು ತೋಳಿನ ಮೇಲೆ ನಿಂತಂತಾಯಿತು. 2012ರಲ್ಲಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಮರಳಿ ಬಂದು 2,097 ಗಜ ಓಡಿದ ಏಡ್ರಿಯನ್ ಪೀಟರ್ಸನ್ ಎಂವಿಪಿ ಆದರು. ಆಮೇಲೆ 2013ರಿಂದ 2024ರ ವರೆಗಿನ ಪ್ರತಿ ಋತುವಿನಲ್ಲೂ ಪ್ರಶಸ್ತಿ ಕ್ವಾರ್ಟರ್‌ಬ್ಯಾಕ್‌ಗೇ ಹೋಗಿದೆ. 2024ರಲ್ಲಿ ಫಿಲಡೆಲ್ಫಿಯ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿಯೂ ಮೂರನೆಯವರಾದರು. ಪಾಸ್ ಹಿಡಿಯುವ ವೈಡ್ ರಿಸೀವರ್ ಸ್ಥಾನದವರಿಗಂತೂ ಇದು ಒಮ್ಮೆಯೂ ಸಿಕ್ಕಿಲ್ಲ. 1987ರಲ್ಲಿ ಜೆರ್ರಿ ರೈಸ್ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಪಾಸ್‌ಗಳನ್ನು ಹಿಡಿದಾಗಲೂ ಸಿಗಲಿಲ್ಲ.

ಹೀಗೆ ಸ್ಪರ್ಧೆ ಒಂದೇ ಸ್ಥಾನದವರ ನಡುವೆ ಉಳಿದ ಮೇಲೆ ವಾದ ಇನ್ನೂ ಸೂಕ್ಷ್ಮವಾಯಿತು. 2003ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪೇಟನ್ ಮ್ಯಾನಿಂಗ್ ಮತ್ತು ಟೆನೆಸ್ಸಿ ಟೈಟನ್ಸ್‌ನ ಸ್ಟೀವ್ ಮೆಕ್‌ನೇರ್ ತಲಾ 16 ಮತ ಪಡೆದು ಪ್ರಶಸ್ತಿಯನ್ನು ಹಂಚಿಕೊಂಡರು. ಎರಡೂ ತಂಡಗಳು 12 ಗೆದ್ದು 4 ಸೋತಿದ್ದವು. ಪಾಸ್‌ಗಳ ದಕ್ಷತೆಯನ್ನು ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ಮೆಕ್‌ನೇರ್ 100.4ರೊಂದಿಗೆ ಲೀಗ್‌ಗೇ ಮೊದಲಿಗರಾಗಿದ್ದರು. ಪರಸ್ಪರ ಆಡಿದ ಎರಡೂ ಪಂದ್ಯಗಳನ್ನು ಮ್ಯಾನಿಂಗ್ ಅವರ ಕೋಲ್ಟ್ಸ್ ಗೆದ್ದಿತ್ತು. ಅಂಕಿಅಂಶ ದೊಡ್ಡದೋ, ಮುಖಾಮುಖಿ ಗೆಲುವು ದೊಡ್ಡದೋ ಎಂಬ ಪ್ರಶ್ನೆಯನ್ನು ಮಂಡಳಿ ಇತ್ಯರ್ಥ ಮಾಡದೆ ಬಿಟ್ಟಿತು. 2011ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಡ್ರೂ ಬ್ರೀಸ್ 5,476 ಗಜ ಗಳಿಸಿ ಮರಿನೊ ಅವರ ದಾಖಲೆ ಮುರಿದರು. ಆದರೂ 15 ಪಂದ್ಯ ಗೆದ್ದ ಗ್ರೀನ್ ಬೇ ಪ್ಯಾಕರ್ಸ್ ತಂಡದ, 122.5 ರೇಟಿಂಗ್‌ನ ಆ್ಯರನ್ ರಾಜರ್ಸ್ ಅವರಿಗೆ 48 ಮತ ಬಿದ್ದವು, ಬ್ರೀಸ್ ಅವರಿಗೆ ಎರಡೇ. ಬ್ರೀಸ್ ಎಂವಿಪಿ ಆಗದೆಯೇ ನಿವೃತ್ತರಾದರು. ಅಂಥ ಋತುವಿಗೆ ಎರಡೇ ಮತ ಎಂಬುದು ನ್ಯಾಯವಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೆ ಆಗ ಪ್ರತಿಯೊಬ್ಬರೂ ಒಂದೇ ಹೆಸರು ಬರೆಯಬೇಕಿದ್ದುದರಿಂದ, ಎರಡನೆಯವರ ಬಗೆಗಿನ ಮೆಚ್ಚುಗೆಗೆ ಮತಪತ್ರದಲ್ಲಿ ಸ್ಥಳವಿರಲಿಲ್ಲ. 2022ರಿಂದ ಐದು ಹೆಸರುಗಳನ್ನು ಕ್ರಮವಾಗಿ ಬರೆಯುವ, ಸ್ಥಾನಕ್ಕನುಗುಣವಾಗಿ 10, 5, 3, 2, 1 ಅಂಕ ನೀಡುವ ಪದ್ಧತಿ ಬಂದಿದೆ.

ಈ ಎಲ್ಲ ಹಳೆಯ ವಾದಗಳೂ 2024ರಲ್ಲಿ ಒಟ್ಟಿಗೆ ಎದ್ದವು. ಆ್ಯಲನ್ ಮತ್ತು ಜಾಕ್ಸನ್ ಇಬ್ಬರೂ 2018ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಲೀಗ್‌ಗೆ ಬಂದವರು. ಆ್ಯಲನ್ ಏಳನೆಯ ಆಯ್ಕೆಯಾದರೆ, ಜಾಕ್ಸನ್ ಮೊದಲ ಸುತ್ತಿನ ಕಟ್ಟಕಡೆಯ, 32ನೆಯ ಆಯ್ಕೆ. ಇವರು ಕ್ವಾರ್ಟರ್‌ಬ್ಯಾಕ್ ಆಗುವುದಕ್ಕಿಂತ ರಿಸೀವರ್ ಆಗುವುದೇ ಲೇಸು ಎಂದು ಆಗ ಜಾಕ್ಸನ್ ಬಗ್ಗೆ ಹೇಳಿದವರಿದ್ದರು. 2024ರ ಹೊತ್ತಿಗೆ ಅವರ ಬಳಿ ಎರಡು ಎಂವಿಪಿಗಳಿದ್ದವು. ಆ ಋತುವಿನಲ್ಲಿ ಅವರು 4,172 ಗಜ ಪಾಸ್ ಮಾಡಿ, 915 ಗಜ ಓಡಿದರು; ಒಂದೇ ಋತುವಿನಲ್ಲಿ 4,000 ಗಜ ಪಾಸ್ ಮತ್ತು 900 ಗಜ ಓಟ ಎರಡನ್ನೂ ದಾಟಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. 41 ಟಚ್‌ಡೌನ್ ಪಾಸ್‌ಗಳಿಗೆ ಎದುರಾಳಿಯ ಕೈಸೇರಿದ ಪಾಸ್‌ಗಳು ನಾಲ್ಕೇ.

ಆ್ಯಲನ್ 3,731 ಗಜ ಪಾಸ್ ಮಾಡಿದ್ದರು, 28 ಟಚ್‌ಡೌನ್ ಪಾಸ್ ಎಸೆದಿದ್ದರು, ತಾವೇ ಓಡಿ 12 ಟಚ್‌ಡೌನ್ ಗಳಿಸಿದ್ದರು. ಅವರ ಬಲ ಇದ್ದದ್ದು ಕಣ್ಣಿಗೆ ಕಟ್ಟಿದ ಪಂದ್ಯಗಳಲ್ಲಿ. ಡಿಸೆಂಬರ್ 1ರ ರಾತ್ರಿ, ಆರ್ಚರ್ಡ್ ಪಾರ್ಕ್‌ನ ಮೈದಾನದಲ್ಲಿ ಹಿಮ ಸುರಿಯುತ್ತಿದ್ದಾಗ, ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಅವರು ಎಸೆದ ಪುಟ್ಟ ಪಾಸನ್ನು ಅಮಾರಿ ಕೂಪರ್ ಹಿಡಿದರು. ರಕ್ಷಕರು ಸುತ್ತುವರಿದು ಎಳೆಯುತ್ತಿರುವಾಗಲೇ ಕೂಪರ್ ಚೆಂಡನ್ನು ಮರಳಿ ಆ್ಯಲನ್ ಕಡೆಗೆ ದಾಟಿಸಿದರು. ಆ್ಯಲನ್ ಅದನ್ನು ಹಿಡಿದು ಅಂಚಿಗೆ ಓಡಿ, ಗೋಲ್ ಗೆರೆಯ ಮೂಲೆಯ ಕಂಬದತ್ತ ಜಿಗಿದರು. ಅದೊಂದೇ ಆಟಕ್ಕೆ ಅವರ ಹೆಸರಿನಲ್ಲಿ ಪಾಸ್ ಎಸೆದ ಟಚ್‌ಡೌನ್, ಪಾಸ್ ಹಿಡಿದ ಟಚ್‌ಡೌನ್ ಎರಡೂ ದಾಖಲಾದವು. ಮರುವಾರ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ 44–42ರಿಂದ ಸೋತ ಪಂದ್ಯದಲ್ಲಿ ಮೂರು ಟಚ್‌ಡೌನ್ ಎಸೆದರು, ಮೂರನ್ನು ಓಡಿ ಗಳಿಸಿದರು.

ಆ್ಯಲನ್ ಪರ ವಾದಿಸಿದವರು ಮುಖ್ಯವಾಗಿ ಹೇಳಿದ್ದು ಇದನ್ನು: ಪ್ರಮುಖ ರಿಸೀವರ್ ಸ್ಟೆಫಾನ್ ಡಿಗ್ಸ್ ಅವರನ್ನು ತಂಡ ಋತುವಿಗೆ ಮೊದಲೇ ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತ್ತು, ಆದರೂ ಬಿಲ್ಸ್ 13 ಪಂದ್ಯ ಗೆದ್ದಿತು, ಜಾಕ್ಸನ್ ಪಕ್ಕದಲ್ಲಾದರೋ 1,921 ಗಜ ಓಡಿದ ಡೆರಿಕ್ ಹೆನ್ರಿ ಇದ್ದರು, ಆದರೂ ರೇವನ್ಸ್ ಗೆದ್ದದ್ದು 12. ಈ ವಾದ ಎಷ್ಟೇ ಆಕರ್ಷಕವಾಗಿದ್ದರೂ ಅದು ಅಳೆಯುವುದು ಆಟಗಾರನನ್ನಲ್ಲ. ಯಾವ ತಂಡದ ಆಡಳಿತ ಯಾರನ್ನು ಕೊಂಡಿತು, ಯಾರನ್ನು ಬಿಟ್ಟಿತು ಎಂಬುದನ್ನು. ಒಳ್ಳೆಯ ಜೊತೆಗಾರನಿದ್ದಾನೆ ಎಂಬ ಕಾರಣಕ್ಕೆ ಕ್ವಾರ್ಟರ್‌ಬ್ಯಾಕ್‌ನ ಸಾಧನೆಯನ್ನು ಕಡಿತಗೊಳಿಸಿದರೆ, ಹೆನ್ರಿ ಅಷ್ಟು ದೂರ ಓಡಲು ಜಾಕ್ಸನ್ ಓಟದ ಭಯವೂ ಕಾರಣವಾಗಿತ್ತೆಂಬುದು ಲೆಕ್ಕದಿಂದ ತಪ್ಪಿಹೋಗುತ್ತದೆ. ಎದುರಾಳಿ ರಕ್ಷಕರು ಇಬ್ಬರಲ್ಲಿ ಚೆಂಡು ಯಾರ ಕೈಯಲ್ಲಿದೆ ಎಂದು ಪ್ರತಿ ಬಾರಿಯೂ ಅರೆಕ್ಷಣ ತಡವರಿಸುತ್ತಿದ್ದರು, ಆ ಅರೆಕ್ಷಣವೇ ಹೆನ್ರಿಗೆ ದಾರಿಯಾಗುತ್ತಿತ್ತು. ಮುಖಾಮುಖಿಯನ್ನೇ ಗಣಿಸುವುದಾದರೆ ಸೆಪ್ಟೆಂಬರ್ 29ರಂದು ರೇವನ್ಸ್ 35–10ರಿಂದ ಬಿಲ್ಸ್ ಅನ್ನು ಸೋಲಿಸಿತ್ತು.

ಇನ್ನೊಂದು ಒತ್ತಡ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. 2024ಕ್ಕೆ ಮುಂಚೆ ಮೂರು ಅಥವಾ ಹೆಚ್ಚು ಬಾರಿ ಎಂವಿಪಿ ಆದವರು ಆರೇ ಮಂದಿ: ಜಿಮ್ ಬ್ರೌನ್, ಜಾನಿ ಯುನೈಟಸ್, ಬ್ರೆಟ್ ಫಾರ್ವ್, ಟಾಮ್ ಬ್ರೇಡಿ, ರಾಜರ್ಸ್ ಮತ್ತು ಐದು ಬಾರಿ ಪಡೆದ ಮ್ಯಾನಿಂಗ್. ಪ್ಲೇಆಫ್‌ಗಳಲ್ಲಿ ಪದೇಪದೇ ಮುಗ್ಗರಿಸಿದ್ದ ಜಾಕ್ಸನ್ ಅವರನ್ನು 28ನೆಯ ವಯಸ್ಸಿಗೇ ಆ ಸಾಲಿನಲ್ಲಿ ಕೂರಿಸಲು ಹಿಂಜರಿಕೆಯಿತ್ತೆಂದು ಅಭಿಮಾನಿಗಳು ಇಂದಿಗೂ ದೂರುತ್ತಾರೆ. ಮತದಾರರ ಮನಸ್ಸಿನಲ್ಲಿ ಏನಿತ್ತೆಂದು ಹೊರಗಿನವರು ಹೇಳಲಾಗದು. ಆದರೆ ಪ್ಲೇಆಫ್ ಈ ಪ್ರಶಸ್ತಿಯ ಲೆಕ್ಕಕ್ಕೆ ಬರಬಾರದು ಎಂಬುದು ಅದರ ವೇಳಾಪಟ್ಟಿಯಲ್ಲೇ ಅಡಗಿರುವ ನಿಯಮ. ಹಿಂದಿನ ವರ್ಷಗಳ ಪ್ಲೇಆಫ್ ಸೋಲುಗಳನ್ನು ಈ ವರ್ಷದ ಖಾತೆಗೆ ಬರೆಯುವುದಂತೂ ಸರ್ವಥಾ ಸಲ್ಲದು. ನನಗೆ ಮತವಿದ್ದಿದ್ದರೆ ಆಲ್-ಪ್ರೊ ಪಟ್ಟಿಯಲ್ಲಿ ಬರೆದ ಹೆಸರನ್ನೇ, ಜಾಕ್ಸನ್ ಹೆಸರನ್ನೇ, ಇಲ್ಲೂ ಬರೆಯುತ್ತಿದ್ದೆ.

ಎರಡೂ ತಂಡಗಳು 2025ರ ಜನವರಿ 19ರಂದು ಪ್ಲೇಆಫ್‌ನಲ್ಲಿ ಬಫಲೊದಲ್ಲಿ ಮತ್ತೆ ಎದುರಾದವು. ಪಂದ್ಯ ಸಮಗೊಳಿಸಬಹುದಾಗಿದ್ದ ಜಾಕ್ಸನ್ ಅವರ ಪಾಸ್, ಟಚ್‌ಡೌನ್ ಬಳಿಕ ಎರಡು ಹೆಚ್ಚುವರಿ ಅಂಕಕ್ಕಾಗಿ ಎಸೆದದ್ದು, ಸಹ ಆಟಗಾರ ಮಾರ್ಕ್ ಆ್ಯಂಡ್ರ್ಯೂಸ್ ಅವರ ಕೈಯಿಂದ ಜಾರಿ, ಬಿಲ್ಸ್ 27–25ರಿಂದ ಗೆದ್ದಿತು. ಆ ಹೊತ್ತಿಗಾಗಲೇ ಐವತ್ತೂ ಮತಪತ್ರಗಳು ಸಲ್ಲಿಕೆಯಾಗಿದ್ದವು.