ಗೇಟಿನಾಚೆಗೂ ಇಳಿಯದ ಭಾರ

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ, ಒಗೆಯಲು ಹಾಕಿದಾಗ ಅದಲುಬದಲಾಗದಿರಲೆಂದು, ಬಟ್ಟೆಗಳ ಮೇಲೆಲ್ಲ ಹೆಸರು ಗುರುತು ಮಾಡಿ ಕೊಡಲು ಹೇಳುತ್ತಾರೆ. ಪರಿಚಯದ ಮಹಿಳೆಯೊಬ್ಬರು ತಾಯಿಯ ಆರು ನೈಟಿಗಳಿಗೆ ಹೀಗೆ ಹೆಸರು ಹೊಲಿಯುತ್ತ ಕುಳಿತಿದ್ದಾಗ, ಹಿಂದೊಮ್ಮೆ ಮಗನನ್ನು ಹಾಸ್ಟೆಲಿಗೆ ಕಳಿಸುವಾಗಲೂ ಇದೇ ಕೆಲಸ ಮಾಡಿದ್ದು ನೆನಪಾಯಿತಂತೆ. "ಅವನು ರಜೆಗೆ ಮನೆಗೆ ಬರ್ತಿದ್ದ" ಎಂದಷ್ಟೇ ಹೇಳಿ ಸುಮ್ಮನಾದರು.

2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. "ಅರವತ್ತಕ್ಕೆ ಅರಳು ಮರಳು" ಎಂಬ ಮಾತಿನ ಮರೆಯಲ್ಲಿ ಕಾಯಿಲೆಯ ಮೊದಲ ವರ್ಷಗಳು ಕಳೆದುಹೋಗುತ್ತವೆ. ನಡುರಾತ್ರಿ ಬಾಗಿಲು ತೆರೆದು ಹೊರಡುವ, ಸ್ನಾನದ ಮನೆಯಲ್ಲಿ ಕೈ ಎತ್ತುವ, ಕಟ್ಟಿಕೊಂಡವರನ್ನೇ ಕಳ್ಳರೆನ್ನುವ ಹಂತ ಬಂದ ಮೇಲೂ ನಮ್ಮ ಬಹುತೇಕ ಕುಟುಂಬಗಳು ಮನೆಯಲ್ಲೇ ನೋಡಿಕೊಳ್ಳುತ್ತವೆ; ಕೇಂದ್ರದ ಮಾತು ಬರುವ ಹೊತ್ತಿಗೆ ನೋಡಿಕೊಳ್ಳುವವರ ಸೊಂಟವೂ ನಿದ್ದೆಯೂ ಕೆಟ್ಟಿರುತ್ತವೆ.

ಹಾಗಾದರೆ ಸೇರಿಸಿದ ಮೇಲಾದರೂ ಮನಸ್ಸು ಹಗುರವಾಗಬೇಕಲ್ಲವೇ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ರೋಗಿಯ ಮರಣಾನಂತರ ಆರೈಕೆದಾರರ ಖಿನ್ನತೆ ಮೂರು ತಿಂಗಳೊಳಗೆ ಗಮನಾರ್ಹವಾಗಿ ಇಳಿಯಿತೆಂದೂ, ಆ ಸಾವು ತಮಗೆ ಬಿಡುಗಡೆಯಂತಿತ್ತೆಂದು ಶೇ. 72ರಷ್ಟು ಮಂದಿ ಹೇಳಿಕೊಂಡರೆಂದೂ 2003ರ ಅವರ ವರದಿ ತಿಳಿಸಿತ್ತು. ಆದರೆ ಮರುವರ್ಷ, ರೋಗಿಗಳನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ 180 ಮಂದಿಯನ್ನು ಗಮನಿಸಿದಾಗ ಖಿನ್ನತೆಯೂ ಆತಂಕವೂ ಇಳಿದಿರಲೇ ಇಲ್ಲ. ಆತಂಕದ ಮಾತ್ರೆಗಳ ಬಳಕೆ ಹೆಚ್ಚಿತ್ತು. ಹೆಚ್ಚು ನೊಂದವರು ಗಂಡನನ್ನೋ ಹೆಂಡತಿಯನ್ನೋ ಸೇರಿಸಿದವರು.

ಮುಂದೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಪಾಲಿನ್ ಬಾಸ್ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತ, ಅಸ್ಪಷ್ಟ ಅಗಲಿಕೆಯೆಂದು ಕರೆಯಬಹುದಾದ ಸ್ಥಿತಿಯನ್ನು ವಿವರಿಸಿದರು. ಸೈನಿಕನ ದೇಹವಿಲ್ಲ, ಆದರೆ ಅವನು ಮನಸ್ಸಿನಲ್ಲಿದ್ದಾನೆ. ಡಿಮೆನ್ಷಿಯಾದಲ್ಲಿ ಇದು ತಿರುಗುಮುರುಗು. ನಮ್ಮಲ್ಲಿ ಸಾವಿಗೆ ಹನ್ನೊಂದನೆಯ ದಿನದ ತಿಥಿಯೋ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯೋ ಇದೆ, ಬಂದು ಸಮಾಧಾನ ಹೇಳುವ ನೆಂಟರಿದ್ದಾರೆ. ಅಮ್ಮನನ್ನು ಕೇಂದ್ರಕ್ಕೆ ಬಿಟ್ಟು ಬಂದ ಸಂಜೆ ಯಾರೂ ಬರುವುದಿಲ್ಲ, ಬಂದರೂ "ಮನೇಲಿ ನೋಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದು ಕೇಳುತ್ತಾರೆ. ಆದ್ದರಿಂದ ದುಃಖವು ಅಪರಾಧಭಾವದ ವೇಷ ಹಾಕುತ್ತದೆ, ಮತ್ತು ನೊಂದವರು ಆ ವೇಷವನ್ನೇ ತಮ್ಮ ತಪ್ಪಿಗೆ ಸಾಕ್ಷಿಯೆಂದು ನಂಬಿಬಿಡುತ್ತಾರೆ ಎಂಬುದು ನನ್ನ ಅನಿಸಿಕೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ನೇತೃತ್ವದ ತಂಡವು ಬಾಳಸಂಗಾತಿಯ ಆರೈಕೆ ಮಾಡುತ್ತಿದ್ದ 406 ಮಂದಿಯ ಅಧ್ಯಯನ ನಡೆಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ವಿಶೇಷ ಆಪ್ತಸಮಾಲೋಚನೆ ನೀಡಿತು. ಅದರ ಆರು ಭೇಟಿಗಳಲ್ಲಿ ನಾಲ್ಕು ಇಡೀ ಕುಟುಂಬದೊಂದಿಗೆ ನಡೆದವು. ಈ ನೆರವು ಪಡೆದವರು ರೋಗಿಯನ್ನು ಕೇಂದ್ರಕ್ಕೆ ಸೇರಿಸುವುದು ಸರಾಸರಿ ಒಂದೂವರೆ ವರ್ಷ ತಡವಾಯಿತು, ಸೇರಿಸಿದ ನಂತರವೂ ಅವರ ಖಿನ್ನತೆ ಉಳಿದವರಿಗಿಂತ ಕಡಿಮೆಯಿತ್ತು. ಕುಟುಂಬವನ್ನು ಕೂರಿಸಿಕೊಂಡದ್ದು ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅತಿ ದೊಡ್ಡ ದನಿಯಲ್ಲಿ ಆಕ್ಷೇಪಿಸುವವರು ಸಾಮಾನ್ಯವಾಗಿ ಒಂದು ರಾತ್ರಿಯೂ ಎದ್ದು ಕೂತವರಲ್ಲ.

"ನೋಡಲು ಹೋದರೂ ಮರೆತುಬಿಡುತ್ತಾರೆ, ಹೋಗಿ ಏನು ಪ್ರಯೋಜನ?" ಎಂಬ ಮಾತೂ ಇದೆ. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ ಇದ್ದ 17 ಮಂದಿ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಿತ್ರತುಣುಕುಗಳನ್ನು ತೋರಿಸಿದರು. ನೋಡಿದ್ದೇನೆಂಬುದು ಬಹುಬೇಗ ಅಳಿಸಿಹೋದರೂ ಅದು ಎಬ್ಬಿಸಿದ ಭಾವ ಉಳಿದಿತ್ತು. ಅಳೆದದ್ದು ಅರ್ಧ ಗಂಟೆಯಷ್ಟು ಅವಧಿಯನ್ನು ಮಾತ್ರ, ನಿಜ; ಆದರೂ ನೆನಪಿನ ಹಾದಿಯೂ ಭಾವದ ಹಾದಿಯೂ ಒಂದೇ ಅಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಆ ಮಹಿಳೆ ಈಗ ಬೆಳಿಗ್ಗೆ ಹೋಗುತ್ತಾರೆ. ಸಂಜೆಯಾದರೆ ತಾಯಿ "ಮನೆಗೆ ಹೋಗೋಣ" ಎಂದು ಹಟ ಹಿಡಿಯುತ್ತಾರೆ. ಮಗಳೆಂಬ ಗುರುತು ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹೆಣೆಯಲು ಕೂತಾಗ ಮಾತ್ರ, ಹೇಳದೆಯೇ ಕತ್ತು ಬಗ್ಗಿಸಿ ಕೊಡುತ್ತಾರಂತೆ.