ಕಣಗಿಲೆ ತಿಂದ ನಾಯಿ: ವಾಂತಿ ನಿಂತಿತೆಂದು ಸುಮ್ಮನಿರಬೇಡಿ

ಕಣಗಿಲೆ ನಾಯಿಗೆ ವಿಷವೇ? ಹೌದು, ಕಡುವಿಷ. ಎಲೆ, ಹೂವು, ತೊಗಟೆ, ಬೇರು, ಬೀಜ ಯಾವುದೂ ಇದಕ್ಕೆ ಹೊರತಲ್ಲ. ಹೂವಿನ ಬಣ್ಣ ಬಿಳಿಯಿರಲಿ, ಗುಲಾಬಿಯಿರಲಿ, ಕೆಂಪಿರಲಿ, ವಿಷ ಒಂದೇ. ಚಿಕ್ಕ ನಾಯಿಯಾದರೆ ಕೆಲವೇ ಎಲೆಗಳು ಸಾಕು, ಪ್ರಾಣ ಹೋಗಬಹುದು. ಹಳದಿ ಕಣಗಿಲೆ ಬೇರೆ ಗಿಡವಾದರೂ ಅದರ ವಿಷವೂ ಇದೇ ಬಗೆಯದು. ಅದರಲ್ಲಿ ಬೀಜವೇ ಎಲ್ಲಕ್ಕಿಂತ ಅಪಾಯಕಾರಿ. ಉದುರಿದ ಕಾಯಿಗಳನ್ನು ಮರಿನಾಯಿಗಳು ಚೆಂಡಿನಂತೆ ಉರುಳಿಸಿ ಕಚ್ಚುತ್ತವೆ, ಹಾಗಾಗಿ ಅವನ್ನು ದಿನವೂ ಗುಡಿಸಿ ತೆಗೆಯಬೇಕು.

ಕಾಶಿ ಕಣಗಿಲೆ, ಅಂದರೆ ನಿತ್ಯಪುಷ್ಪ, ಬೇರೆಯೇ. ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ನಾಯಿಗಳ ಜನನಾಂಗದಲ್ಲಿ ಬರುವ ಸಾಂಕ್ರಾಮಿಕ ಗಡ್ಡೆಗೆ ಪಶುವೈದ್ಯರು ನಿತ್ಯ ಬಳಸುತ್ತಾರೆ. ಆ ಗಿಡ ತಿಂದರೂ ತೊಂದರೆ ಇದ್ದೇ ಇದೆ, ಆದರೆ ಕಣಗಿಲೆಯ ಹೃದಯವಿಷ ಅದರಲ್ಲಿಲ್ಲ. ದೇವಕಣಗಿಲೆಯ ಹಾಲು ಬಾಯಿ ಹೊಟ್ಟೆಗಳನ್ನು ಕೆರಳಿಸುತ್ತದೆ. ಚಿಕಿತ್ಸೆ ಗಿಡದಿಂದ ಗಿಡಕ್ಕೆ ಬದಲಾಗುವುದರಿಂದ, ವೈದ್ಯರಿಗೆ ಫೋನಿನಲ್ಲಿ ‘ಕಣಗಿಲೆ ತಿಂದಿದೆ’ ಎಂದಷ್ಟೇ ಹೇಳಿದರೆ ಸಾಲದು. ಗಿಡದ ಫೋಟೊ ಕಳಿಸಿ, ಹೊರಡುವಾಗ ಒಂದು ಕೊಂಬೆಯನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ಇಷ್ಟು ಕಹಿ ಎಲೆಯನ್ನು ನಾಯಿ ಏಕೆ ತಿನ್ನುತ್ತದೆ? ಹಸಿ ಎಲೆಯನ್ನು ಬಹುಪಾಲು ನಾಯಿಗಳು ಮೂಸಿ ಬಿಟ್ಟುಬಿಡುತ್ತವೆ. ಎಲೆ ಒಣಗಿದ ಮೇಲೆ ಕಹಿ ಕಡಿಮೆಯಾಗುತ್ತದೆ, ವಿಷ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಹೆಚ್ಚು ಎಚ್ಚರ ಬೇಕಾದದ್ದು ಸವರಿದ ಕೊಂಬೆಗಳನ್ನು ಮೂಲೆಯಲ್ಲಿ ರಾಶಿ ಹಾಕಿದಾಗ. ಹಲ್ಲು ಬದಲಾಗುವ ವಯಸ್ಸಿನ, ಅಂದರೆ ನಾಲ್ಕರಿಂದ ಆರು ತಿಂಗಳ ಮರಿ ಸಿಕ್ಕಿದ ಕಡ್ಡಿಯನ್ನೆಲ್ಲ ಕಡಿಯುತ್ತದೆ. ಆ ಕೊಂಬೆಯನ್ನೇ ಮಕ್ಕಳು ಎಸೆದು ‘ತಾ’ ಎಂದು ಆಡಿಸುವುದೂ ಉಂಟು. ದೇವರಿಗೆ ಏರಿಸಿದ ಹೂವನ್ನು ಮಾರನೆಯ ದಿನ ತುಳಸಿಕಟ್ಟೆಯ ಬುಡಕ್ಕೆ ಹಾಕುವ ಮನೆಗಳಲ್ಲಿ ನಿರ್ಮಾಲ್ಯದ ಜೊತೆ ಸಕ್ಕರೆ, ಕೊಬ್ಬರಿ ಚೂರು ಇರುತ್ತವೆ. ಅವುಗಳ ಆಸೆಗೆ ನಾಯಿ ಹೂವನ್ನೂ ನುಂಗುತ್ತದೆ. ಗಿಡದ ಕೆಳಗಿಟ್ಟ ನೀರಿನ ಬಟ್ಟಲಿಗೆ ಎಲೆ ಬಿದ್ದು ನೆನೆದರೆ ಆ ನೀರೂ ವಿಷವೇ. ಬಟ್ಟಲನ್ನು ಅಲ್ಲಿಂದ ಇವತ್ತೇ ಸರಿಸಿ.

ಈ ವಿಷ ಹೊಡೆಯುವುದು ಹೃದಯವನ್ನು. ಓಲಿಯಾಂಡ್ರಿನ್ ಮೊದಲಾದ ಇದರ ರಾಸಾಯನಿಕಗಳು ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಔಷಧದ ಬಳಗಕ್ಕೇ ಸೇರಿದವು. ಹೃದಯದ ಪ್ರತಿ ಜೀವಕೋಶದಲ್ಲೂ ಸೋಡಿಯಂ ಹೊರಹಾಕಿ ಪೊಟ್ಯಾಶಿಯಂ ಒಳಗೆಳೆಯುವ ಪಂಪು ಇದೆ, ವಿಷ ಅದನ್ನು ನಿಲ್ಲಿಸುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ, ಬಡಿತದ ಲಯ ಕೆಡುತ್ತದೆ.

ಮೊದಲು ಕಾಣುವುದು ಹೊಟ್ಟೆಯ ಲಕ್ಷಣಗಳು. ತಿಂದ ಕೆಲವೇ ಗಂಟೆಗಳಲ್ಲಿ ಜೊಲ್ಲು, ವಾಂತಿ, ಹೊಟ್ಟೆನೋವು, ಕೆಲವೊಮ್ಮೆ ರಕ್ತ ಬೆರೆತ ಭೇದಿ. ಇಲ್ಲೇ ಎಷ್ಟೋ ಮನೆಯವರು ಮೋಸಹೋಗುತ್ತಾರೆ. ವಾಂತಿ ನಿಂತಿತು, ವಿಷ ಹೊರಗೆ ಹೋಯಿತು ಎಂದುಕೊಂಡು ನಾಯಿಯನ್ನು ಮಲಗಲು ಬಿಡುತ್ತಾರೆ. ಆದರೆ ಕರುಳಿಗೆ ಇಳಿದ ಎಲೆಯ ಚೂರುಗಳಿಂದ ವಿಷ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಪಿತ್ತದ ಮೂಲಕ ಮತ್ತೆ ಕರುಳಿಗೆ ಬಂದು ಎರಡನೇ ಸಲ ಹೀರಲ್ಪಡುವುದೂ ಇದೆ. ಹೀಗಾಗಿ ಸುಧಾರಿಸಿದಂತೆ ಕಂಡ ನಾಯಿಗೆ ಆಮೇಲೆ ನಿಶ್ಶಕ್ತಿ, ತಣ್ಣಗಾದ ಕಾಲು, ನಡುಕ, ಕುಸಿತ ಬರಬಹುದು. ವಾಂತಿ ನಿಂತರೂ ನಿಲ್ಲದಿದ್ದರೂ ಇಸಿಜಿ ಯಂತ್ರ ಇರುವ ಆಸ್ಪತ್ರೆಗೆ ಹೊರಡಿ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಹೊರಡುವ ಮುನ್ನ ಬಾಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ನಾಯಿಯನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ದಾರಿಯಲ್ಲಿ ಹಿಂಗಾಲಿನ ತೊಡೆಯ ಒಳಭಾಗದಲ್ಲಿ ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ದೊಡ್ಡ ತಳಿಗಳಲ್ಲಿ ನಿಮಿಷಕ್ಕೆ 60ರಿಂದ 100, ಚಿಕ್ಕವುಗಳಲ್ಲಿ 100ರಿಂದ 140 ಸಾಮಾನ್ಯ. ಆರೋಗ್ಯವಂತ ನಾಯಿಯಲ್ಲೂ ಉಸಿರಾಟದ ಜೊತೆ ನಾಡಿ ತುಸು ಏರಿಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ನಡುನಡುವೆ ಬಡಿತ ತಪ್ಪುವುದು, 60ಕ್ಕಿಂತ ಕೆಳಗಿಳಿಯುವುದು, ಒಸಡು ಬಿಳಿಚುವುದು ಕಂಡರೆ ವೈದ್ಯರಿಗೆ ಕೂಡಲೇ ತಿಳಿಸಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನು ದಯವಿಟ್ಟು ಬಿಡಿ. ವಾಂತಿಯಾಗದಿದ್ದರೆ ಆ ಉಪ್ಪು ರಕ್ತಕ್ಕೆ ಸೇರಿ ಮಿದುಳಿಗೆ ಹಾನಿ ಮಾಡುತ್ತದೆ. ಹಾಲು, ಮಜ್ಜಿಗೆ, ತುಪ್ಪ ಈ ವಿಷವನ್ನು ಮುರಿಯುವುದಿಲ್ಲ. ವಾಂತಿ ಮಾಡಿಸಲು ಕುಡಿಸುವ ಹೈಡ್ರೋಜನ್ ಪೆರಾಕ್ಸೈಡ್‌ನ ಅಳತೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಆ ಲೆಕ್ಕ ಶೇ. 3ರ ದ್ರಾವಣದ್ದು. ನಮ್ಮ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರದು, ಹೊಟ್ಟೆಯ ಒಳಪದರವನ್ನೇ ಸುಡಬಲ್ಲದು. ಚಾರ್ಕೋಲ್, ಅಂದರೆ ಹೊಟ್ಟೆಯಲ್ಲಿನ ವಿಷ ಹೀರುವ ಔಷಧದ ಇದ್ದಿಲು, ಅದರ ಮಾತ್ರೆಗಳೂ ಮನೆಯಲ್ಲಿ ಉಪಯೋಗಕ್ಕೆ ಬಾರವು. ನಾಯಿಗೆ ಬೇಕಾದದ್ದು ತೂಕದ ಪ್ರತಿ ಕಿಲೋಗೆ 1ರಿಂದ 2 ಗ್ರಾಂ. 20 ಕಿಲೋ ನಾಯಿಗೆ ಕನಿಷ್ಠ 20 ಗ್ರಾಂ, ಅಂದರೆ 250 ಮಿಲಿಗ್ರಾಂನ 80 ಮಾತ್ರೆ! ಸೋತ ನಾಯಿಗೆ ಬಲವಂತವಾಗಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಲೆಯ ಇದ್ದಿಲಂತೂ ಕೆಲಸಕ್ಕೆ ಬಾರದು.

ಆಸ್ಪತ್ರೆಯಲ್ಲಿ, ತಿಂದು ಎರಡು ಗಂಟೆಯೊಳಗಿದ್ದು ನಾಯಿ ಇನ್ನೂ ಚುರುಕಾಗಿದ್ದರೆ ಔಷಧ ಕೊಟ್ಟು ವಾಂತಿ ಮಾಡಿಸುತ್ತಾರೆ, ಬಳಿಕ ಚಾರ್ಕೋಲ್ ಕೊಟ್ಟು ಕೆಲವು ಗಂಟೆಗಳಿಗೊಮ್ಮೆ ಮರುಕಳಿಸುತ್ತಾರೆ. ಬಡಿತ ತೀರಾ ನಿಧಾನವಾದರೆ ಅಟ್ರೊಪಿನ್, ಹೃದಯದ ಕೆಳಕೋಣೆಗಳಿಂದ ಅಡ್ಡಾದಿಡ್ಡಿ ಬಡಿತ ಎದ್ದರೆ ಲಿಡೋಕೇನ್. ಸಲೈನ್ ಆಯ್ಕೆಯಲ್ಲೂ ಎಚ್ಚರ ಬೇಕು: ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಸಾದಾ ಸಲೈನ್ ಮೇಲು. ರಕ್ತದ ಪೊಟ್ಯಾಶಿಯಂ ಮಟ್ಟ ನೋಡದೆ ಸಲೈನ್‌ಗೆ ಪೊಟ್ಯಾಶಿಯಂ ಸೇರಿಸಲೇಬಾರದು. ಡಿಜಾಕ್ಸಿನ್‌ಗೆ ತಯಾರಿಸಿದ ಪ್ರತಿವಿಷ ಇದಕ್ಕೂ ಕೆಲಸ ಮಾಡುತ್ತದೆ, ಆದರೆ ಬಲು ದುಬಾರಿ, ಪಶು ಆಸ್ಪತ್ರೆಗಳಲ್ಲಿ ಸಿಗುವುದು ವಿರಳ. ಕನಿಷ್ಠ 24 ಗಂಟೆ ನಿಗಾದಲ್ಲಿ ಇರಿಸಬೇಕು. ಸಂಜೆಗೆ ಗೆಲುವಾಗಿದೆ ಎಂದು ಮನೆಗೆ ಕರೆದುಕೊಂಡು ಹೋಗುವ ಅವಸರ ಬೇಡ. ಮನೆಗೆ ಬಂದ ಮೇಲೂ ವೈದ್ಯರು ಹೇಳುವ ತನಕ ಓಟ, ಆಟ ಕೂಡದು.

ನಾಯಿ ಸಾಕಿದ ಮನೆಯಲ್ಲಿ ಕಣಗಿಲೆ ಇರದಿರುವುದೇ ಒಳ್ಳೆಯದು. ಪೂಜೆಗೆ ಹೂವು ಬೇಕೆಂದರೆ ದಾಸವಾಳ, ಮಲ್ಲಿಗೆ ಇವೆ. ಗಿಡ ತೆಗೆಯುವಾಗ ಕೈಗವಸು ಹಾಕಿ, ನಾಯಿಯನ್ನು ಒಳಗೆ ಕಟ್ಟಿ. ಕೊಂಬೆ ಎಲೆಗಳನ್ನು ಅದೇ ದಿನ ಚೀಲಕ್ಕೆ ತುಂಬಿ ಸಾಗಿಸಿ. ಸುಡಬೇಡಿ, ಹೊಗೆಯೂ ವಿಷ. ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ, ಕೆದಕುವ ನಾಯಿಗೆ ಬೇರೂ ಸಿಗುತ್ತದೆ. ಆದ್ದರಿಂದ ಬೇರುಸಮೇತ ಕಿತ್ತು, ಗುಂಡಿ ಮುಚ್ಚಿದ ಮೇಲೆಯೇ ನಾಯಿಯನ್ನು ಹೊರಗೆ ಬಿಡಿ.