ಡಯಾಲಿಸಿಸ್‌ನಲ್ಲಿ ಕೊಬ್ಬೂ ತೊಳೆದು ಹೋಗುತ್ತಾ?

ಪ್ರಶ್ನೆ: ಸರ್, ಅಪ್ಪಾಜಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸ್ತೀವಿ. ರಕ್ತ ಕ್ಲೀನ್ ಆಗೇ ಬರುತ್ತೆ, ಕೊಲೆಸ್ಟ್ರಾಲ್ ರಿಪೋರ್ಟೂ ನಾರ್ಮಲ್ ಇದೆ. ಮತ್ತೆ ಕೊಬ್ಬಿನ ಮಾತ್ರೆ ಯಾಕೆ, ನಿಲ್ಲಿಸಬಹುದಾ?

ಇದನ್ನ ಎಷ್ಟು ಸಲ ಹೇಳಿದೀನೋ ನನಗೇ ಲೆಕ್ಕ ಇಲ್ಲ, ಆದ್ರೂ ಇನ್ನೊಂದ್ಸಲ ಹೇಳ್ತೀನಿ ಕೂತ್ಕೊಳ್ಳಿ.

ಮೊದಲು ಆ "ಕ್ಲೀನ್" ಅನ್ನೋ ಮಾತು ತಲೆಯಿಂದ ತೆಗೀರಿ. ಡಯಾಲಿಸಿಸ್ ಅಂದ್ರೆ ವಾಷಿಂಗ್ ಮೆಷಿನ್ ಅಲ್ಲ. ಮನೆಯ ಕಾಫಿ ಫಿಲ್ಟರ್ ನೆನಪಿಸ್ಕೊಳ್ಳಿ, ಡಿಕಾಕ್ಷನ್ ಕೆಳಗೆ ಇಳಿಯುತ್ತೆ, ಪುಡಿ ಮೇಲೇ ಉಳಿಯುತ್ತೆ, ಯಾಕಂದ್ರೆ ತೂತು ಅಷ್ಟೇ ಇರೋದು. ಡಯಾಲಿಸಿಸ್ ಮೆಷಿನ್‌ಗೆ ಹಾಕೋ ಫಿಲ್ಟರ್, ಅಂದ್ರೆ ಡಯಲೈಸರ್‌ದೂ ಅದೇ ಕಥೆ. ರಕ್ತದ ಕಸ ಯೂರಿಯಾದ ಅಣುತೂಕ 60, ಕ್ರಿಯಾಟಿನಿನ್‌ದು 113, ಇವು ಸಲೀಸಾಗಿ ಜಾರಿ ಹೋಗ್ತವೆ. ರಕ್ತದ ಮುಖ್ಯ ಪ್ರೊಟೀನ್ ಆಲ್ಬುಮಿನ್ 66,000 ಹತ್ತಿರ, ಅದನ್ನ ರಕ್ತದಲ್ಲೇ ಉಳಿಸ್ಕೊಳ್ಳೋ ಥರಾನೇ ಫಿಲ್ಟರ್ ಮಾಡಿರ್ತಾರೆ. ಇನ್ನು ಕೊಲೆಸ್ಟ್ರಾಲ್ ರಕ್ತದಲ್ಲಿ ಒಂಟಿಯಾಗಿ ಓಡಾಡಲ್ಲ, ಪ್ರೊಟೀನ್ ಜೊತೆ ಸೇರಿ ಉಂಡೆ ಕಟ್ಕೊಂಡಿರುತ್ತೆ, ಎಲ್‌ಡಿಎಲ್ ಅನ್ನೋ ಆ ಒಂದು ಉಂಡೆಯ ತೂಕ 20 ಲಕ್ಷ ದಾಟುತ್ತೆ. ಆಲ್ಬುಮಿನ್ನೇ ದಾಟದ ತೂತಲ್ಲಿ ಇದು ಎಲ್ಲಿಂದ ದಾಟುತ್ತೆ ಹೇಳಿ? ಅದೂ ಅಲ್ದೆ ಎರಡು ಮೂರು ಲೀಟರ್ ನೀರು ತೆಗೆದ ಮೇಲೆ ಉಳಿದ ರಕ್ತ ಗಟ್ಟಿಯಾಗಿ, ಕೊಲೆಸ್ಟ್ರಾಲ್ ಲೆಕ್ಕ ಸ್ವಲ್ಪ ಜಾಸ್ತಿನೇ ತೋರಿಸಬಹುದು. "ನಿನ್ನೆ ಡಯಾಲಿಸಿಸ್ ಆಗಿದೆ, ಇವತ್ತು ಒಂದೆರಡು ಬೋಂಡಾ ತಿಂದ್ರೆ ಏನೂ ಆಗಲ್ಲ" ಅನ್ನೋರಿಗೆ ಇದೇ ನನ್ನ ಉತ್ತರ.

ಆದ್ರೆ ರಿಪೋರ್ಟ್ ನಾರ್ಮಲ್ ಇದೆಯಲ್ಲ ಅಂತೀರಾ. ಕಿಡ್ನಿ ಫೇಲ್ ಆದವರಲ್ಲಿ ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ಅನ್ನೋ ಇನ್ನೊಂದು ಥರದ ಕೊಬ್ಬು ಏರಿರುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ ಇಳಿದಿರುತ್ತೆ, ಕೆಟ್ಟದ್ದು ಅನ್ನೋ ಎಲ್‌ಡಿಎಲ್ ಮಾತ್ರ ಸಾಧುವಾಗಿ ನಾರ್ಮಲ್ಲೋ ಕಡಿಮೆನೋ ಇರುತ್ತೆ. ನೀವು ಒಂದೇ ಲೈನ್ ನೋಡಿ ಖುಷಿಪಡ್ತೀರಿ. ಸರಿಯಾಗಿ ಊಟ ಸೇರದೆ, ಒಳಗೆ ಉರಿಯೂತ ಇದ್ದು ಮೈ ಸೊರಗಿದ್ರೂ ಕೊಲೆಸ್ಟ್ರಾಲ್ ಇಳಿಯುತ್ತೆ, ಅದು ಒಳ್ಳೆ ಸುದ್ದಿ ಅಲ್ಲ.

ಈಗ ಮಾತ್ರೆ ವಿಷಯ. ಇಲ್ಲಿ ನಿಮ್ಮ ಪ್ರಶ್ನೆ ಪೂರ್ತಿ ದಡ್ಡ ಪ್ರಶ್ನೆ ಏನಲ್ಲ. ಡಯಾಲಿಸಿಸ್‌ನಲ್ಲಿರೋರಿಗೆ ಹೊಸದಾಗಿ ಸ್ಟ್ಯಾಟಿನ್, ಅಂದ್ರೆ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ, ಕೊಟ್ಟು ನೋಡಿದ ದೊಡ್ಡ ಪ್ರಯೋಗ ಎರಡಿವೆ. 2005ರಲ್ಲಿ ಬಂದ ಜರ್ಮನಿಯ 4ಡಿ, ಅದರಲ್ಲಿ 1,255 ಜನ ಶುಗರ್ ಪೇಷೆಂಟ್‌ಗಳು, ಆಮೇಲೆ 2009ರ ಅರೋರಾ, 2,776 ಜನ. ಎಲ್‌ಡಿಎಲ್ ಚೆನ್ನಾಗಿ ಇಳೀತು, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟಾಗಿ ಲೆಕ್ಕ ಹಾಕಿದ್ರೆ ಹೇಳಿಕೊಳ್ಳೋ ಹಾಗೆ ಇಳೀಲಿಲ್ಲ. ಅದಕ್ಕೇ ಕಿಡ್ನಿ ಡಾಕ್ಟರುಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2013ರ ಮಾರ್ಗಸೂಚಿ ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಶುರು ಮಾಡ್ಬೇಡಿ ಅಂತು, ಮೊದಲೇ ತಗೊಳ್ತಿದ್ರೆ ಮುಂದುವರಿಸಿ ಅಂತು. ಅಪ್ಪಾಜಿ ಮೊದಲಿಂದ ನುಂಗ್ತಿದ್ರಾ, ಸ್ಟೆಂಟ್ ಹಾಕಿದಾರಾ, ಇದನ್ನ ಕಿಡ್ನಿ ಡಾಕ್ಟರ ಹತ್ರ ಕೇಳಿ. ನೀವಾಗೇ ನಿಲ್ಲಿಸಬೇಡಿ.

ಎಲ್‌ಡಿಎಲ್ ಇಳಿದ್ರೂ ಯಾಕೆ ಲಾಭ ಆಗಲಿಲ್ಲ ಅಂತ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಡಯಾಲಿಸಿಸ್‌ನಲ್ಲಿರೋರ ರಕ್ತನಾಳ ಬರೀ ಕೊಬ್ಬಿನಿಂದ ಕೆಡಲ್ಲ, ಗೋಡೆಯ ಮಧ್ಯದ ಪದರದಲ್ಲಿ ಕ್ಯಾಲ್ಸಿಯಂ ಕೂತು ಪೈಪ್ ಥರ ಗಟ್ಟಿಯಾಗುತ್ತೆ. ರಕ್ತದಲ್ಲಿ ಫಾಸ್ಫರಸ್ ಏರಿದ್ರೆ ನಾಳದ ಸ್ನಾಯು ಕೋಶಗಳು ಮೂಳೆ ಕೋಶದ ಥರ ಆಡೋಕೆ ಶುರು ಮಾಡ್ತವೆ, ಸ್ಟ್ಯಾಟಿನ್‌ಗೆ ಅಲ್ಲಿ ಕೆಲಸ ಇಲ್ಲ. ಅದಕ್ಕೇ ಊಟದಲ್ಲಿರೋ ಫಾಸ್ಫರಸ್ ಹಿಡಿದಿಡೋ ಮಾತ್ರೆ ಕೊಡೋದು. ಅದರಲ್ಲಿ ಸೆವೆಲಾಮರ್ ಅನ್ನೋದು ಎಲ್‌ಡಿಎಲ್‌ನೂ ಸ್ವಲ್ಪ ಇಳಿಸುತ್ತೆ, ಒಂದೇ ಕಲ್ಲಿಗೆ ಎರಡು ಮಾವಿನಕಾಯಿ. ಆದ್ರೆ ಅದು ಊಟದ ಜೊತೆಗೇ ಹೊಟ್ಟೆಗೆ ಹೋಗ್ಬೇಕು, ಮದುವೆ ಮನೆಗೂ ಜೇಬಲ್ಲಿ ಇಟ್ಕೊಂಡು ಹೋಗಿ. ಊಟ ಮುಗಿಸಿ ಮನೆಗೆ ಬಂದು ರಾತ್ರಿ ಮಲಗೋವಾಗ ನೆನಪಾಗಿ ನುಂಗಿದ್ರೆ, ಹಿಡಿಯೋಕೆ ಅಲ್ಲಿ ಫಾಸ್ಫರಸ್ಸೇ ಇರಲ್ಲ.